ನಲ್ಲಿಕಟ್ಟೆಯ ಹಿಂದಿನ ಹಸಿರು

ಟೈಲ್ ಸುಡುವ ಗೂಡಿನ ಬಾಗಿಲು ಒಂದು ಗೇಣು ತೆಗೆಯುವಷ್ಟರಲ್ಲೇ ಗೊತ್ತಾಗಿಹೋಯಿತು, ಈ ಸಲವೂ ಎಕ್ಕುಟ್ಟಿಹೋಗಿದೆ ಅಂತ.

ಮೇಲಿನ ಹಲಗೆಯ ಮೊದಲ ಟೈಲೇ ನನ್ನ ಮುಖ ನೋಡಿ ಹಲ್ಲು ಕಿರಿಯುತ್ತಾ ಕೂತಿತ್ತು. ಅಂಚಿನ ಸುತ್ತ ಹಸಿರು ಇತ್ತು, ನಾನು ಬಯಸಿದ್ದ ಅದೇ ಹಸಿರು, ಆಳದ ನೀರಿಗೆ ಬಿಸಿಲು ಬಿದ್ದ ಹಾಗಿರುವ ಹಸಿರು. ನಡುವೆ ಮಾತ್ರ ಅದು ಮುದುರಿಕೊಂಡು ಹಿಂದೆ ಸರಿದು, ಮಣ್ಣು ಬರಿಮೈಯಲ್ಲಿ ಕಾಣುತ್ತಿತ್ತು. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. ಬಗ್ಗಿ ಕೆಳಗಿನ ಹಲಗೆಗೆ ಟಾರ್ಚ್ ಬಿಟ್ಟೆ. ಅಲ್ಲೂ ಅದೇ ರಾಗ, ಅದೇ ಹಾಡು.

"ಹೇಗೆ ಬಂತೇ?" ಅಂತ ಅಮ್ಮ ಅಡುಗೆಮನೆ ಕಿಟಕಿಯಿಂದ ಕೂಗಿದಳು.

"ಬಂತು, ನನ್ನ ಕರ್ಮ ಬಂತು!"

"ಬೆಳಬೆಳಿಗ್ಗೆ ಒಂದು ಒಳ್ಳೇ ಮಾತು ಆಡೋಕಾಗಲ್ವಾ ನಿನಗೆ?"

"ಗೂಡು ಒಳ್ಳೇದು ಕೊಟ್ರೆ ಬಾಯೂ ಒಳ್ಳೇದು ಆಡತ್ತೆ."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದನ್ನೇನೂ ಮುಚ್ಚಿಡಬೇಕಾಗಿಲ್ಲ, ಇಡೀ ಬೀದಿಗೆ ಗೊತ್ತು. ಅಪ್ಪ ನನ್ನನ್ನು ಚಿಕ್ಕಂದಿನಿಂದ ಕರೆಯುವುದೇ ಬೆಂಕಿಪೊಟ್ಟಣ ಅಂತ. ಆದರೆ ನೀವೇ ಹೇಳಿ, ಒಂದೇ ಕೆಲಸ ಮೂರು ಸಲ ಕೆಟ್ಟರೆ ಯಾರ ತಲೆ ತಾನೇ ಮೊಸರುಗಡಿಗೆ ಆಗಲ್ಲ?

ಗ್ಲೇಜ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಕಲ್ಲಿನ ಪುಡಿ, ಬೂದಿ, ಒಂದಿಷ್ಟು ಜೇಡಿ, ಬಣ್ಣಕ್ಕೆ ತಾಮ್ರದ ಪುಡಿ, ಇಷ್ಟನ್ನೂ ನೀರಲ್ಲಿ ಕಲಸಿ, ಜರಡಿ ಹಿಡಿದು, ಗಟ್ಟಿ ಹಾಲಿನ ಹದಕ್ಕೆ ತರಬೇಕು. ಒಂದು ಸಲ ಸುಟ್ಟ ಮಣ್ಣಿನ ಸಾಮಾನನ್ನು ಅದರಲ್ಲಿ ಅದ್ದಬೇಕು. ಒಣಗಿದಾಗ ನೋಡಿದರೆ ಸುಣ್ಣ ಬಳಿದ ಹಾಗೆ ಪೇಲವವಾಗಿರುತ್ತದೆ, ಮೂಸಿಯೂ ನೋಡಬೇಕು ಅನ್ನಿಸಲ್ಲ. ಎರಡನೇ ಸಲ ಬೆಂಕಿಗೆ ಹಾಕಿದಾಗ ಆ ಸುಣ್ಣದಂಥದ್ದೇ ಕರಗಿ, ಹರಿದು, ಮಣ್ಣಿನ ಮೈಗೆ ಗಾಜಾಗಿ ಅಂಟಿಕೊಳ್ಳುತ್ತದೆ. ಅಂಟಿಕೊಂಡರೆ ನೀರು ಇಳಿಯಲ್ಲ, ಕೊಳೆ ಹಿಡಿಯಲ್ಲ, ತಲೆಮಾರು ಬಾಳುತ್ತದೆ. ಅಂಟಿಕೊಳ್ಳದಿದ್ದರೆ ಹೀಗೆ ಮುದುರಿಕೊಂಡು ನಿಮ್ಮ ಮಾನ ಕಳೆಯುತ್ತದೆ.

ಮಾನ ಅಂದದ್ದು ಸುಮ್ಮನೆ ಅಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಕುಡಿಯುವ ನೀರಿನ ಕಟ್ಟೆ ಹೊಸದಾಗಿ ಕಟ್ಟುತ್ತಿದ್ದರು. ಸಾಲಾಗಿ ನಲ್ಲಿಗಳು, ಹಿಂದೆ ಉದ್ದದ ಗೋಡೆ. ಆ ಗೋಡೆಯ ಟೈಲ್‌ಗಳನ್ನು ಮಾಡುವುದಕ್ಕೆ ನನ್ನನ್ನು ಕೇಳಿದ್ದರು. ಅಪ್ಪನನ್ನಲ್ಲ, ನನ್ನನ್ನು. ನಾನು ಒಂದೊಂದು ಟೈಲಿನ ಮೇಲೂ ಅಲೆಯ ಒಂದೊಂದು ತುಂಡು ಉಬ್ಬಿಸಿ ಕೊರೆದಿದ್ದೆ, ಎಲ್ಲ ಜೋಡಿಸಿದರೆ ಗೋಡೆಯುದ್ದಕ್ಕೂ ನೀರು ಹರಿದ ಹಾಗೆ. ನಮ್ಮ ಕಾರ್ಖಾನೆಯಿಂದ ಇದುವರೆಗೆ ಹೊರಗೆ ಹೋದ ಕಪ್ಪು, ಬಸಿ, ಕುಂಡ ಎಲ್ಲದರ ತಳದಲ್ಲೂ ಅಪ್ಪನ ಎಲೆ ಗುರುತೇ ಇರುವುದು, ಮಾಡಿದ್ದು ನಾನೇ ಆದರೂ. ಈ ಗೋಡೆಯ ಕೆಳಗಿನ ಮೂಲೆಯ ಟೈಲಿನ ಮೇಲೆ ಮಾತ್ರ ಒಂದು ಪುಟ್ಟ ಬೆಂಕಿಕಡ್ಡಿ ಕೊರೆದಿದ್ದೆ. ಅದು ನನ್ನ ಗುರುತು. ನಲವತ್ತು ದಾಟಿದ ಮೇಲೆ ಸಿಕ್ಕಿದ ಮೊದಲ ಗುರುತು. ದಿನಾ ಸಾವಿರ ಜನ ಬಗ್ಗಿ ನೀರು ಕುಡಿಯುವಾಗ ಅದು ಅವರ ಕಣ್ಣ ಮುಂದೆ ಇರುತ್ತದೆ ಅಂತ ನೆನೆಸಿಕೊಂಡರೇ ನನಗೆ ಒಳಗೊಳಗೇ ಕುಣಿಯುವ ಹಾಗಾಗುತ್ತಿತ್ತು.

ಈಗ ಕುಣಿತ ಎಲ್ಲಿ ಬಂತು? ಗಾರೆ ಮೇಸ್ತ್ರಿ ಹಿಂದಿನ ದಿನವೇ ಫೋನ್ ಮಾಡಿ ಹೇಳಿಬಿಟ್ಟಿದ್ದ. "ಅಕ್ಕ, ಬೇಜಾರು ಮಾಡ್ಕೋಬೇಡಿ. ಸೋಮವಾರ ಬೆಳಿಗ್ಗೆ ನಾನು ಗಾರೆ ಕಲಸ್ತೀನಿ. ನಿಮ್ಮ ಟೈಲು ಇದ್ರೆ ನಿಮ್ಮದು ಹಾಕ್ತೀನಿ. ಇಲ್ಲಾಂದ್ರೆ ಫ್ಯಾಕ್ಟರಿಯ ಬಿಳೀದು ಡಬ್ಬ ಡಬ್ಬ ಬಂದು ಕೂತಿದೆ, ಅದನ್ನ ಅಂಟಿಸಿ ಮುಗಿಸ್ತೀನಿ. ಮೇಲಿನವರು ನನ್ನ ಕುತ್ತಿಗೆ ಮೇಲೆ ಕೂತಿದ್ದಾರೆ."

ಬಿಳಿ ಟೈಲು! ಬಚ್ಚಲುಮನೆಯ ಬಿಳಿ ಟೈಲು, ನನ್ನ ಅಲೆಗಳ ಜಾಗದಲ್ಲಿ!

ಅವತ್ತು ಬುಧವಾರ. ಒಂದು ಸಲ ಸುಟ್ಟು ಇಟ್ಟಿದ್ದ ಟೈಲ್‌ಗಳಲ್ಲಿ ಇನ್ನೊಂದು ಗೋಡೆಗಾಗುವಷ್ಟು, ಮೇಲೆ ನಾಲ್ಕಾರು ಹೆಚ್ಚುವರಿ, ಇಷ್ಟು ಮಾತ್ರ ಉಳಿದಿತ್ತು. ಗೂಡು ಹತ್ತಿಸಿ, ಸುಟ್ಟು, ಆರಿಸುವುದಕ್ಕೆ ಇನ್ನೊಂದೇ ಒಂದು ಸಲಕ್ಕೆ ಸಮಯವಿತ್ತು. ಅದೂ ಕೆಟ್ಟರೆ ಮುಗಿಯಿತು.

ನನ್ನನ್ನು ಹುಚ್ಚು ಹಿಡಿಸಿದ್ದು ಟೈಲು ಕೆಟ್ಟದ್ದಲ್ಲ, ಅದು ಕೆಡುತ್ತಿದ್ದ ರೀತಿ. ಪ್ರತಿ ಸಲವೂ ರಾಶಿ ಅದ್ದುವ ಮೊದಲು ಅದೇ ಬಕೆಟ್ಟಿನಲ್ಲಿ ಮೂರು ನಾಲ್ಕು ಮಾದರಿ ತುಂಡುಗಳನ್ನು ನಾನೇ ಅದ್ದಿ, ಪುಟ್ಟ ಗೂಡಿನಲ್ಲಿ ಸುಟ್ಟು ನೋಡುತ್ತಿದ್ದೆ. ಕನ್ನಡಿಯ ಹಾಗೆ ಬರುತ್ತಿದ್ದವು! ಅದೇ ಮಣ್ಣು, ಅದೇ ಗ್ಲೇಜು, ಅದೇ ಕೈ. ಆಮೇಲೆ ರಾಶಿ ಹಾಕಿದರೆ ಎಲ್ಲ ಮುದುರು. ಮಾದರಿ ದೇವರು, ರಾಶಿ ದೆವ್ವ. ಇದಕ್ಕೇನನ್ನುತ್ತೀರಿ?

ಮೊದಲ ಸಲ ಕೆಟ್ಟಾಗ ಅಪ್ಪ ಟೈಲನ್ನು ಕೈಯಲ್ಲಿ ತಿರುಗಿಸಿ ನೋಡಿ, "ನಿನ್ನ ಗ್ಲೇಜು ದಪ್ಪ ಆಯ್ತು ಕಣೇ. ನನ್ನ ಕಂದು ಗ್ಲೇಜ್ ಹಾಕಿದ್ರೆ ಹೀಗಾಗ್ತಿರ್ಲಿಲ್ಲ" ಅಂದ.

"ನಿನ್ನ ಕಂದು ಗ್ಲೇಜು ಸಗಣಿ ನೀರಿನ ಹಾಗೆ ತೆಳ್ಳಗಿರತ್ತೆ. ಅದನ್ನ ಕಲ್ಲಿನ ಮೇಲೆ ಹಾಕಿದ್ರೂ ಹಿಡೀತದೆ."

"ಹಿಡೀತದೆ ತಾನೇ? ಅದೇ ಬೇಕಾಗಿರೋದು."

ಮೈ ಉರಿದುಹೋಯಿತು. ಆದರೂ ಗ್ಲೇಜ್ ತೆಳ್ಳಗೆ ಮಾಡಿದೆ. ಎರಡನೇ ಸಲವೂ ಮುದುರಿತು. ಅಪ್ಪ ಈ ಸಲ ಅಷ್ಟು ಮಾತಾಡಲಿಲ್ಲ, "ಜೇಡಿ ಜಾಸ್ತಿ ಹಾಕಿದ್ಯೇನೋ" ಅಂತ ಗೊಣಗಿ ಬಚ್ಚಲ ಕಡೆ ಹೋದ. ಜೇಡಿ ಕಮ್ಮಿ ಮಾಡಿದೆ. ಬೂದಿಯನ್ನು ಮತ್ತೆ ತೊಳೆದೆ. ಮಣ್ಣು ತರುವ ಲಾರಿಯವನಿಗೆ ಫೋನಿನಲ್ಲಿ ಬಾಯಿಗೆ ಬಂದ ಹಾಗೆ ಬೈದೆ, ಪಾಪ ಅವನೇನು ಮಾಡಿದ್ದನೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ ನೀರಿಗೆ, ಗಾಳಿಗೆ, ಗೂಡಿಗೆ, ಲಾರಿಗೆ, ಎಲ್ಲಕ್ಕೂ ಬರೆ ಹಾಕಿದ್ದೇ ಹಾಕಿದ್ದು. ಕೊನೆಗೆ ನನ್ನ ಮೇಲೇ ಅನುಮಾನ ಬಂತು. ಇಷ್ಟು ವರ್ಷ ಅಪ್ಪನ ಗ್ಲೇಜಿನಲ್ಲಿ ಅದ್ದಿ ಅದ್ದಿ ನನಗೆ ಎಲ್ಲ ಬರುತ್ತದೆ ಅಂದುಕೊಂಡಿದ್ದೆನಾ? ಸ್ವಂತ ಗ್ಲೇಜು ಕಲಸುವ ಯೋಗ್ಯತೆಯೇ ನನಗಿಲ್ಲವಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದು ನಾನೇನಾ?

ಇದೇ ಮೂರನೇ ಸಲ. ಅಪ್ಪ ನನ್ನ ಬೆನ್ನ ಹಿಂದೆ ಬಂದು ನಿಂತಿದ್ದ. ನಾನು ಒಂದೊಂದೇ ಟೈಲ್ ಹೊರಗೆ ತೆಗೆದು ನೆಲಕ್ಕೆ ಕುಕ್ಕುತ್ತಿದ್ದೆ. ಅವನು ಏನಾದರೂ ಅನ್ನಲಿ, ಜಗಳವಾದರೂ ಆಡೋಣ ಅಂತ ಕಾದೆ. ಅವನು ಎರಡು ಕೈಯನ್ನೂ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿ ಒಳಗೆ ಹೋದ.

ನಾನು ಒಂದು ಟೈಲ್ ಎತ್ತಿ ಮೂಲೆಯ ಚೂರುಗಳ ಗುಡ್ಡೆಗೆ ಬೀಸಿದೆ. ಠಣ್ ಅಂತ ಒಡೆಯಿತು. ಎಷ್ಟು ಹಿತವಾಯಿತೆಂದರೆ ಇನ್ನೊಂದು ಎತ್ತಿದೆ. ಹಿಂದಿನ ಎರಡು ಸಲವೂ ಇದನ್ನೇ ಮಾಡಿದ್ದೆ, ಗೂಡಿಂದ ತೆಗೆಯುವುದು, ಬೀಸುವುದು.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ," ಅಂದಳು ಅಮ್ಮ, ಅಂಗಳಕ್ಕೆ ಬಂದು. "ನಮ್ಮ ಮನೆಯಲ್ಲಿ ಕುಂಬಾರ್ತಿಯೂ ನೀನೇ, ದೊಣ್ಣೆಯೂ ನೀನೇ. ಕೆಳಗಿಡು ಅದನ್ನ!"

"ಇಟ್ಕೊಂಡು ಏನು ಮಾಡ್ಲಿ? ತಲೆ ಮೇಲೆ ಹೊತ್ಕೊಳ್ಳಾ?"

"ಅಂಗಳದಲ್ಲಿ ಸಾಲಾಗಿ ಜೋಡಿಸು. ಅಷ್ಟೊಂದರಲ್ಲಿ ನಾಲ್ಕಾದ್ರೂ ಚೆನ್ನಾಗಿರೋದು ಇರಲ್ವಾ? ಅದನ್ನ ಆರಿಸ್ಕೋ. ಮುಂದಿನ ಸಲಕ್ಕೆ ಅಷ್ಟು ಭಾರ ಕಮ್ಮಿ." ಹಾಗಂದು, ಹೋಗುತ್ತಾ ಹೋಗುತ್ತಾ ತಿರುಗಿದಳು. "ಮತ್ತೆ, ಅಂಗಡಿ ಕಡೆ ಹೋದ್ರೆ ಒಂದು ಬಾಟ್ಲಿ ನೋವಿನೆಣ್ಣೆ ತಾ. ನಾನು ಮಂಡಿಗೆ ಹಚ್ಚೋದು ಒಂದು ಚಮಚ. ಬಾಟ್ಲಿ ನೋಡಿದ್ರೆ ಯಾರೋ ಕುಡಿದ ಹಾಗೆ ಖಾಲಿ."

"ಈಗ ನಿನ್ನ ಎಣ್ಣೆ ಒಂದು ಬಾಕಿ ಇತ್ತು ನನಗೆ!" ಅಂತ ಕೂಗಿದೆ.

ಆದರೂ ಅಮ್ಮ ಹೇಳಿದ್ದು ಸರಿ ಅನ್ನಿಸಿತು. ಹಿಂಬದಿಯ ನಂಬರು ನೋಡಿಕೊಂಡು ಗೋಡೆಯಲ್ಲಿ ಹೇಗೆ ಬರಬೇಕೋ ಹಾಗೇ ಅಂಗಳದಲ್ಲಿ ಜೋಡಿಸುತ್ತಾ ಹೋದೆ. ಮೊದಲ ಸಾಲು, ಎರಡನೇ ಸಾಲು. ಚೆನ್ನಾಗಿರುವುದು ಒಂದೂ ಸಿಗಲಿಲ್ಲ. ಮಂಡಿಯೂರಿ ಊರಿ ನನ್ನ ಮಂಡಿಗೇ ಎಣ್ಣೆ ಬೇಕಾಯಿತು. ಕೊನೆಯ ಸಾಲು ಮುಗಿಸಿ, ಬೆನ್ನು ಹಿಡಿದುಕೊಂಡು ಎದ್ದು ನಿಂತು, ಒಟ್ಟಿಗೆ ನೋಡಿದೆ.

ಬಿಡಿಬಿಡಿಯಾಗಿ ನೋಡಿದಾಗ ಅದು ಬರೀ ಮುದುರಾಗಿತ್ತು. ಜೋಡಿಸಿದ ಮೇಲೆ ಬೇರೆಯೇ ಕಂಡಿತು. ಪ್ರತಿ ಟೈಲಿನ ಮೇಲೂ ಬರಿಮೈಯಾದ ಜಾಗ ಒಂದೇ ಆಕಾರದಲ್ಲಿತ್ತು. ಅಡ್ಡಡ್ಡ ಬಾಗಿದ ನಾಲ್ಕು ಗೀರು, ಒಂದರ ಪಕ್ಕ ಒಂದು, ಕೊನೆಯದು ಚಿಕ್ಕದು. ಎಲ್ಲ ಒಂದೇ ಕಡೆಗೆ ಬಾಗಿದ್ದವು. ಬಣ್ಣ, ಬೂದಿ, ಗಾಳಿ ಯಾವುದೂ ಹೀಗೆ ಲೆಕ್ಕವಿಟ್ಟು ಗೀರುವುದಿಲ್ಲ. ಇದು ಬೆರಳು.

ಬಗ್ಗಿ ನನ್ನ ಬಲಗೈ ಬೆರಳುಗಳನ್ನು ಆ ಗೀರುಗಳ ಮೇಲೆ ಇಟ್ಟು ಸವರಿ ನೋಡಿದೆ. ಕೂರಲಿಲ್ಲ, ಬಾಗು ತಿರುಗುಮುರುಗು. ಎಡಗೈ ಇಟ್ಟೆ. ಅಚ್ಚು ಹೊಯ್ದ ಹಾಗೆ ಕೂತಿತು.

ನಮ್ಮ ಮನೆಯಲ್ಲಿ ಎಡಚ ಒಬ್ಬನೇ.

ಅಪ್ಪ ಎರಡು ವರ್ಷದ ಹಿಂದೆ ಕುಂಬಾರಿಕೆಯ ಚಕ್ರ ತಿರುಗಿಸುವುದನ್ನು ಬಿಟ್ಟಿದ್ದ. ಬೇಜಾರು ಬಂತು ಅಂದಿದ್ದ, ನಾವು ನಂಬಿದ್ದೆವು. ಆಮೇಲೆ ಕಾರ್ಖಾನೆಯಲ್ಲಿ ಅವನಿಗೆ ಉಳಿದ ಕೆಲಸ ಒಂದೇ, ಸವರುವುದು. ಒಂದು ಸಲ ಸುಟ್ಟ ಸಾಮಾನಿನ ಮೇಲೆ ಧೂಳು ಕೂತಿರುತ್ತದೆ. ಬೇರೆಯವರು ಒದ್ದೆ ಸ್ಪಂಜಿನಲ್ಲಿ ಒರೆಸುತ್ತಾರೆ. ಅಪ್ಪ ಅಂಗೈಯಲ್ಲಿ ಸವರುತ್ತಾನೆ, ಮಗುವಿನ ತಲೆ ಸವರಿದ ಹಾಗೆ. "ಸ್ಪಂಜಿಗೆ ಬಿರುಕು ಗೊತ್ತಾಗತ್ತಾ? ಕಣ್ಣಿಗೆ ಕಾಣದ್ದು ಅಂಗೈಗೆ ಗೊತ್ತಾಗತ್ತೆ" ಅನ್ನುವುದು ಅವನ ಮಾತು. ಅವನು ಸವರಿ ಕೊಡುತ್ತಿದ್ದ, ನಾನು ಇಸಿದುಕೊಂಡು ಅದ್ದುತ್ತಿದ್ದೆ. ಮಾದರಿ ತುಂಡುಗಳನ್ನು ಮಾತ್ರ ಅವನ ಕೈಗೆ ಕೊಡುತ್ತಿರಲಿಲ್ಲ. ಉಫ್ ಅಂತ ಊದಿ ನಾನೇ ಅದ್ದಿಬಿಡುತ್ತಿದ್ದೆ.

ನೋವಿನೆಣ್ಣೆ. ಖಾಲಿಯಾದ ಬಾಟ್ಲಿ. ಜೇಬಿನಲ್ಲಿದ್ದ ಕೈ.

ಎಣ್ಣೆಯ ಪಸೆ ಇರುವ ಮಣ್ಣಿಗೆ ಗ್ಲೇಜ್ ಅಂಟಲ್ಲ ಅನ್ನುವುದು ಈ ಕೆಲಸದ ಮೊದಲ ಪಾಠ. ಅದ್ದಿದಾಗ ಗೊತ್ತಾಗಲ್ಲ, ಬೆಂಕಿಯಲ್ಲಿ ಹಿಂದೆ ಸರಿಯುತ್ತದೆ. ನನಗೆ ಅದನ್ನು ಕಲಿಸಿದ್ದೇ ಅಪ್ಪ. ತಲೆ ಬಾಚಿಕೊಂಡ ಕೈಯಲ್ಲಿ ಮುಟ್ಟಿದೆ ಅಂತ ಚಿಕ್ಕಂದಿನಲ್ಲಿ ನನ್ನ ಬೆರಳ ಮೇಲೆ ಹೊಡೆದಿದ್ದ. ಅವನ ತೆಳ್ಳನೆಯ ಕಂದು ಗ್ಲೇಜು ಅಲ್ಪಸ್ವಲ್ಪ ಪಸೆಯ ಮೇಲೂ ಹರಿದು ಮುಚ್ಚಿಕೊಳ್ಳುತ್ತದೆ. ನನ್ನ ಹಸಿರು ಅಷ್ಟು ಒಳ್ಳೆಯದಲ್ಲ, ನನ್ನ ಹಾಗೇ, ಏನನ್ನೂ ಸಹಿಸಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ಆಗ ನೆನಪಾಯಿತು, ಅಪ್ಪ ಒಳಗೆ ಹೋಗಿದ್ದು. ಉಳಿದಿದ್ದ ಕೊನೆಯ ರಾಶಿ ಇದ್ದದ್ದೂ ಒಳಗೇ.

ಓಡಿದೆ. ಅಪ್ಪ ಸ್ಟೂಲಿನ ಮೇಲೆ ಕೂತು ತೊಡೆಯ ಮೇಲೆ ಟೈಲ್ ಇಟ್ಟುಕೊಂಡು ಸವರುತ್ತಿದ್ದ. ಅರ್ಧ ರಾಶಿ ಆಗಲೇ ಅವನ ಬಲಗಡೆಗೆ ಬಂದು ಕೂತಿತ್ತು.

"ಕೆಳಗಿಡು!" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅಪ್ಪ ತಲೆ ಎತ್ತಿದ. ನನ್ನ ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. ಟೈಲನ್ನು ನಿಧಾನವಾಗಿ ಕೆಳಗಿಟ್ಟ. "ಸೋಪು ಹಾಕಿ ತೊಳ್ಕೊಂಡಿದ್ದೀನಿ ಕಣೇ," ಅಂದ. "ಬಿಸಿನೀರಲ್ಲಿ. ಮೂರು ಮೂರು ಸಲ."

"ಗೊತ್ತಿತ್ತಾ ನಿನಗೆ?"

ಅವನು ಕೈಯನ್ನು ತೊಡೆಗೆ ಒರೆಸಿಕೊಂಡ.

"ಯಾವಾಗಿಂದ ಗೊತ್ತಿತ್ತು ಅಪ್ಪಾ?"

"ಎರಡನೇ ಸಲ ಕೆಟ್ಟಾಗ ಅನುಮಾನ ಬಂತು. ಅದಕ್ಕೇ ಮೂರನೇ ಸಲ ಚೆನ್ನಾಗಿ ತೊಳ್ಕೊಂಡೇ ಸವರಿದ್ದು. ಹೋಗಿರತ್ತೆ ಅಂದ್ಕೊಂಡೆ."

"ಹೋಗಿಲ್ಲ!"

"ಹೌದು, ಹೋಗಿಲ್ಲ. ಇವತ್ತು ಸೋಡಾಪುಡಿ ಹಾಕಿ ಉಜ್ಜಿದೆ."

ಆಗ ಅವನ ಕೈ ನೋಡಿದೆ. ಅಂಗೈ ಸುಲಿದ ಹಾಗೆ ಕೆಂಪಗಾಗಿತ್ತು. ಬೆರಳ ಗೆಣ್ಣುಗಳು ಊದಿಕೊಂಡಿದ್ದವು, ಕಿರುಬೆರಳು ಅರ್ಧಕ್ಕೇ ಮಡಚಿ ನಿಂತಿತ್ತು. ಇಷ್ಟು ದಿನ ಅದೇ ಕೈಯಿಂದ ಟೈಲ್ ಇಸಿದುಕೊಂಡಿದ್ದೆ, ಕೈಯ ಕಡೆ ಒಂದು ಸಲವೂ ನೋಡಿರಲಿಲ್ಲ. ಪಾಪ ಅನ್ನಿಸಿದ್ದು ನಿಜ. ಆದರೆ ಸಿಟ್ಟು ಅದಕ್ಕಿಂತ ಮುಂದಿತ್ತು.

"ಎಣ್ಣೆ ಹಚ್ಚದೇ ಇರೋಕಾಗ್ತಿರ್ಲಿಲ್ವಾ ನಾಲ್ಕು ದಿನ?"

"ಹಚ್ಚದಿದ್ರೆ ಬೆಳಿಗ್ಗೆ ಬೆರಳು ಬಿಚ್ಚಲ್ಲ ಕಣೇ. ಬಿಚ್ಚದೇ ಇರೋ ಬೆರಳಲ್ಲಿ ಏನು ಸವರ್ಲಿ?"

"ಸವರಬೇಡ! ಯಾರು ಸವರು ಅಂದ್ರು ನಿನಗೆ? ಒಂದು ಮಾತು ಹೇಳ್ಬಾರದಿತ್ತಾ? ನನ್ನ ಗ್ಲೇಜು ದಪ್ಪ ಅಂದೆ, ಜೇಡಿ ಜಾಸ್ತಿ ಅಂದೆ. ನಾನು ಕೈಲಾಗದವಳು ಅಂತ ನಾನೇ ಅಂದ್ಕೊಳ್ಳೋ ಹಾಗೆ ಮಾಡಿದೆ. ಗ್ಲೇಜು ಚೆನ್ನಾಗೇ ಇತ್ತು ಅಪ್ಪಾ! ಮೊದಲನೇ ದಿನದಿಂದ ಚೆನ್ನಾಗೇ ಇತ್ತು!" ನನಗೆ ಅಳು ಬಂತು, ಅದಕ್ಕೂ ಸಿಟ್ಟು ಬಂತು.

"ಚೆನ್ನಾಗಿತ್ತು," ಅಂದ ಅಪ್ಪ. "ನನ್ನ ಕಂದು ಬಣ್ಣಕ್ಕಿಂತ ಚೆನ್ನಾಗಿತ್ತು. ಹೇಳಿದ್ರೆ ನೀನು ನನ್ನನ್ನ ಮನೆಯೊಳಗೆ ಕೂರಿಸ್ತಿದ್ದೆ. ಇದೊಂದು ಬಿಟ್ರೆ ನನಗೆ ಇಲ್ಲಿ ಏನಿದೆ ಕೆಲಸ?"

ಇದಕ್ಕೆ ಒಳ್ಳೆಯ ಮಗಳು ಏನೋ ಒಂದು ಒಳ್ಳೆಯ ಮಾತು ಹೇಳುತ್ತಿದ್ದಳು. ನಾನು ಹೇಳಿದ್ದು ಇದು: "ಇನ್ನು ಮೇಲೆ ಒಂದೇ ಒಂದು ಟೈಲ್ ಮುಟ್ಟಿದ್ರೆ ನೋಡು! ಹಸಿಯದಾಗ್ಲಿ, ಸುಟ್ಟದ್ದಾಗ್ಲಿ. ಒಂದೂ ಮುಟ್ಟಕೂಡದು!"

ಅಪ್ಪ ಎರಡು ಕೈಯನ್ನೂ ಜೇಬಿಗೆ ಹಾಕಿಕೊಂಡು ಎದ್ದುಹೋದ.

ಅವನು ಸವರಿದ್ದ ಅರ್ಧ ರಾಶಿಯ ಗತಿ ಏನು? ಎಣ್ಣೆ ಮಣ್ಣಿನೊಳಗೆ ಇಳಿದರೆ ನೀರಿಗೆ ಬಗ್ಗಲ್ಲ, ಬೆಂಕಿಗೇ ಬಗ್ಗಬೇಕು. ಮಾದರಿ ಸುಡುವ ಪುಟ್ಟ ಗೂಡಿನಲ್ಲಿ ಸ್ವಲ್ಪ ಸ್ವಲ್ಪವೇ ತುಂಬಿಸಿ ಮತ್ತೆ ಸುಟ್ಟೆ. ಒಂದು ಕಂತು ತೆಗೆಯುವುದು, ಇನ್ನೊಂದು ಕಂತು ತುಂಬುವುದು. ಅವಸರಕ್ಕೆ ಬಿಸಿ ಟೈಲ್ ಹಿಡಿದು ಹೆಬ್ಬೆರಳು ಸುಟ್ಟುಕೊಂಡೆ, ಎರಡು ಟೈಲ್ ಬಿರುಕು ಬಿಟ್ಟು ಹೆಚ್ಚುವರಿಯಿಂದ ತುಂಬಿಸಬೇಕಾಯಿತು. ಗ್ಲೇಜನ್ನು ಮೊದಲಿನ ಹದಕ್ಕೇ, ನಾನು ಮೊದಲ ದಿನ ಕಲಸಿದ್ದ ಹದಕ್ಕೇ ತಂದೆ. ಧೂಳನ್ನು ಸ್ಪಂಜಿನಲ್ಲಿ ಒರೆಸಿದೆ. ಅಮ್ಮ ಒಂದು ಲೋಟ ಟೀ ತಂದು ಬಾಗಿಲಲ್ಲಿಟ್ಟು, "ಊಟಕ್ಕೆ ಕರೆದ್ರೂ ನಿಮ್ಮಪ್ಪ ಸರಿಯಾಗಿ ಮಾತಾಡ್ತಿಲ್ಲ" ಅಂದಳು.

"ಮಾತಾಡ್ಬೇಕಾದಾಗ ಆಡಲಿಲ್ಲ, ಈಗ ಆಡಿ ಏನು ಮಾಡ್ತಾನೆ?"

"ನಿನ್ನ ಮಾತೂ ಸಾಕು, ಅವರ ಮೌನವೂ ಸಾಕು ನನಗೆ," ಅಂತ ಅಮ್ಮ ಹೋದಳು.

ಶುಕ್ರವಾರ ಗೂಡು ಹತ್ತಿತು. ಭಾನುವಾರ ಬಾಗಿಲು ತೆಗೆದೆ. ಮೊದಲ ಹಲಗೆ, ಎರಡನೆಯದು, ಕೊನೆಯದು. ಮುದುರಿಲ್ಲ. ಎಲ್ಲೂ ಇಲ್ಲ. ಹಸಿರು ಅಲೆಯ ಉಬ್ಬಿನ ಮೇಲೆ ತೆಳ್ಳಗೆ, ತಗ್ಗಿನಲ್ಲಿ ಗಟ್ಟಿಯಾಗಿ, ನಾನು ಕನಸಿನಲ್ಲಿ ಕಂಡಂತೆ ನಿಂತಿತ್ತು. ಕೂಗಬೇಕು ಅನ್ನಿಸಿತು. ತಿರುಗಿ ನೋಡಿದರೆ ಅಪ್ಪ ಬಾಗಿಲ ಹತ್ತಿರ, ಒಳಗೆ ಕಾಲಿಡದೆ, ಜೇಬಿನಲ್ಲಿ ಕೈಯಿಟ್ಟು ನಿಂತಿದ್ದ. ಅಲ್ಲಿಂದಲೇ ತಲೆಯಾಡಿಸಿದ. ನಾನೂ ಬಿಗಿಯಾಗಿ ತಲೆಯಾಡಿಸಿದೆ. ಡಬ್ಬಗಳಿಗೆ ತುಂಬುವಾಗಲೂ ಅವನನ್ನು ಕರೆಯಲಿಲ್ಲ. ಗೂಡಿಂದ ಬಂದದ್ದನ್ನೆಲ್ಲ ಅವನ ಕೈಗೊಮ್ಮೆ ಕೊಟ್ಟು ಆಮೇಲೆ ಹೊರಗೆ ಕಳಿಸುವುದು ನಮ್ಮಲ್ಲಿ ನಡೆದುಬಂದದ್ದು. ಕೊಡಲಿಲ್ಲ.

ಸೋಮವಾರ ಮೇಸ್ತ್ರಿ ಗಾರೆ ಕಲಸಿದ, ವಾರದೊಳಗೆ ಗೋಡೆ ಮುಗಿಸಿದ. ಬಿಳಿ ಟೈಲಿನ ಡಬ್ಬಗಳು ವಾಪಸ್ಸು ಹೋದವು. "ಅಕ್ಕ, ಕಟ್ಟೆ ಹಿಂದೆ ಹೊಳೆ ತಂದು ನಿಲ್ಲಿಸಿಬಿಟ್ರಲ್ಲ," ಅಂದ ಮೇಸ್ತ್ರಿ. ಅವನ ಬಾಯಲ್ಲಿ ಅಷ್ಟು ಬಂದರೆ ಸನ್ಮಾನ ಆದ ಹಾಗೆ.

ನಲ್ಲಿಗೆ ನೀರು ಬಿಟ್ಟ ದಿನ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದೆ. ರೈಲು ಆಗಷ್ಟೇ ಬಂದು ನಿಂತಿತ್ತು, ಜನ ಬಾಟಲಿ ಹಿಡಿದು ಮುಗಿಬಿದ್ದಿದ್ದರು. ಅಮ್ಮ ಗೋಡೆಯ ಈ ತುದಿಯಿಂದ ಆ ತುದಿವರೆಗೆ ನಡೆದು, ಗೊತ್ತಿಲ್ಲದ ಹೆಂಗಸರಿಗೆಲ್ಲ "ನಮ್ಮ ಮಗಳು ಮಾಡಿದ್ದು" ಅಂತ ಹೇಳುತ್ತಾ ಬಂದಳು. ಅಪ್ಪ ಮೂಲೆಯಲ್ಲಿ ನನ್ನ ಬೆಂಕಿಕಡ್ಡಿಯ ಮುಂದೆ ನಿಂತು ನೋಡುತ್ತಲೇ ಇದ್ದ. ಕೈ ಜೇಬಿನಲ್ಲಿತ್ತು. ಅಂಗಡಿಯಲ್ಲಿ ಬೇರೆಯವರ ಪಾತ್ರೆ ಕಂಡರೂ ಸವರದೆ ಮುಂದೆ ಹೋಗದ ಮನುಷ್ಯ, ಮಗಳ ಗೋಡೆಯ ಮುಂದೆ ಕೈ ಕಟ್ಟಿಹಾಕಿಕೊಂಡು ನಿಂತಿದ್ದ. ಆ ಜೇಬನ್ನು ನೋಡಿ ನೋಡಿ ನನಗೆ ತಡೆಯದಾಯಿತು.

"ಮುಟ್ಟು," ಅಂದೆ.

"ಬೇಡ ಬಿಡು."

"ಮುಟ್ಟಪ್ಪಾ!"

"ಎಣ್ಣೆ ಹಚ್ಚಿದ್ದೀನಿ ಕಣೇ," ಅಂದ, ಮೆಲ್ಲಗೆ, ಪಕ್ಕದವರಿಗೆ ಕೇಳಿಸದ ಹಾಗೆ.

"ಹಚ್ಚಿದ್ರೆ ಏನೀಗ! ಗಾಜಾದ ಮೇಲೆ ಎಣ್ಣೆ ಏನು ಮಾಡತ್ತೆ? ನೀನೇ ಕಲಿಸಿದ್ದಲ್ವಾ? ತೆಗಿ ಆ ಕೈ ಹೊರಗೆ!" ನೀರು ಹಿಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ.

ಅಪ್ಪ ಎಡಗೈ ಹೊರಗೆ ತೆಗೆದ. ಅಂಗಿಗೆ ಒರೆಸಿಕೊಂಡ. ಬೆರಳು ಒಂದೊಂದಾಗಿ ಬಿಚ್ಚುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅಂಗೈಯನ್ನು ಹಸಿರಿನ ಮೇಲಿಟ್ಟು, ಕಣ್ಣು ಮುಚ್ಚಿ, ಅಲೆಯ ಉಬ್ಬಿನ ಮೇಲೆ, ತಗ್ಗಿನಲ್ಲಿ, ನನ್ನ ಬೆಂಕಿಕಡ್ಡಿಯ ಮೇಲೆ ಸವರಿದ. ಎಣ್ಣೆಯ ಜಿಡ್ಡು ಗಾಜಿನ ಮೇಲೆ ಮಂಜಿನ ಹಾಗೆ ನಿಂತಿತು. ಕಡ್ಡಿಯ ತಲೆಯ ಹತ್ತಿರ ಬಂದಾಗ ಕೈ ನಿಂತಿತು. ಹಿಂದೆ ಹೋಗಿ ಮತ್ತೆ ಬಂದು ಮತ್ತೆ ಅಲ್ಲೇ ನಿಂತಿತು.

"ಇಲ್ಲೊಂದು ಸೂಜಿತೂತು ಇದೆ," ಅಂದ.

"ಸಾಧ್ಯನೇ ಇಲ್ಲ. ನಾನು ಒಂದೊಂದೂ ಬೆಳಕಿಗೆ ಹಿಡಿದು ನೋಡಿದ್ದೀನಿ."

"ಬೆಳಕಿಗೆ ಕಾಣತ್ತೆ ಅಂತ ನಾನಂದ್ನಾ?"

ಜಿಡ್ಡನ್ನು ತೋಳಿಂದ ಒರೆಸಿ ಬಗ್ಗಿ ನೋಡಿದೆ. ಏನೂ ಇರಲಿಲ್ಲ. ಉಗುರಿನ ತುದಿಯಲ್ಲಿ ಮೆಲ್ಲಗೆ ಎಳೆದೆ. ಟಿಕ್ ಅಂತ ಸಿಕ್ಕಿಕೊಂಡಿತು. ಸಾಸಿವೆಯ ಹತ್ತರಲ್ಲೊಂದು ಪಾಲು ಇರಬಹುದು. ಗೋಡೆಯಲ್ಲಿ ಗಾರೆ ಹಿಡಿದು ಕೂತ ಟೈಲು, ಇನ್ನೇನೂ ಮಾಡುವ ಹಾಗಿರಲಿಲ್ಲ. ಅಷ್ಟೂ ಟೈಲಿನಲ್ಲಿ ನನ್ನ ಗುರುತಿನ ಟೈಲಿಗೇ!

"ಮೊದಲೇ ಹೇಳಿದ್ರೆ ಬದಲಾಯಿಸ್ತಿದ್ನಲ್ಲ! ಮೂಲೇದಕ್ಕೆ ಇನ್ನೊಂದು ಇತ್ತು ನನ್ನ ಹತ್ರ. ಯಾಕೆ ಹೇಳಲಿಲ್ಲ?"

"ಮುಟ್ಟೋಕೆ ಬಿಟ್ಟಿದ್ರೆ ತಾನೇ?" ಅಂದ ಅಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಅಮ್ಮ ಯಾವಾಗ ಬಂದು ನಿಂತಿದ್ದಳೋ, ನನ್ನನ್ನೊಮ್ಮೆ ಅಪ್ಪನನ್ನೊಮ್ಮೆ ನೋಡಿ, ನಲ್ಲಿಯ ಕಡೆ ತಿರುಗಿ ಕೈ ತೊಳೆದುಕೊಂಡಳು.

"ಮೇಲಿನ ಸಾಲೂ ನೋಡು," ಅಂದೆ ಕೊನೆಗೆ. "ಇನ್ನೂ ಎಷ್ಟು ಬಿಟ್ಟಿದ್ದೀನೋ."

ಅಪ್ಪ ಎಡಗೈಯನ್ನು ಗೋಡೆಯಿಂದ ತೆಗೆಯದೆ ಮುಂದಿನ ಟೈಲಿಗೆ ಹೋದ, ಅಲ್ಲಿಂದ ಅದರ ಮುಂದಿನದಕ್ಕೆ. ನಾನು ಅವನ ಹಿಂದೆ ಹಿಂದೆ ಜಿಡ್ಡು ಒರೆಸುತ್ತಾ ಹೋದೆ. ನೀರಿಗೆ ಬಂದವರು ಒಂದಿಷ್ಟು ಹೊತ್ತು ಕಾಯಬೇಕಾಯಿತು.